ಹೇಸ್ಟಿಂಗ್ಸ್ ಗೆದ್ದದ್ದು ಒಂದು ದಿನದಲ್ಲಿ, ಇಂಗ್ಲೆಂಡ್ ಗೆದ್ದದ್ದು ಐದು ವರ್ಷದಲ್ಲಿ

ಪ್ರಶ್ನೆ: 1066ರಲ್ಲಿ ಫ್ರಾನ್ಸಿನ ಉತ್ತರ ಕರಾವಳಿಯ ನಾರ್ಮಂಡಿಯ ಡ್ಯೂಕ್ ವಿಲಿಯಂ ಏಳೆಂಟು ಸಾವಿರ ಜನರ ಸೈನ್ಯ ಕಟ್ಟಿಕೊಂಡು ಬಂದು ಹೇಸ್ಟಿಂಗ್ಸ್ ಕದನದಲ್ಲಿ ಇಂಗ್ಲೆಂಡಿನ ರಾಜ ಹೆರಾಲ್ಡ್‌ನನ್ನು ಸೋಲಿಸಿದ ಎಂದು ಪಠ್ಯದಲ್ಲಿದೆ. ಸುಮಾರು ಇಪ್ಪತ್ತು ಲಕ್ಷ ಜನರಿದ್ದ ದೇಶ ಒಂದೇ ದಿನದ ಯುದ್ಧಕ್ಕೆ ಶರಣಾಯಿತೆ? ಜನ ಯಾಕೆ ತಿರುಗಿ ಬೀಳಲಿಲ್ಲ? ನಾರ್ಮನ್ನರ ಕುದುರೆ ಸೈನ್ಯವೇ ಇದಕ್ಕೆಲ್ಲ ಕಾರಣವೆ?

ಉತ್ತರ: ಜನ ತಿರುಗಿ ಬಿದ್ದರು. ಒಂದು ಸಲವಲ್ಲ, ಐದು ವರ್ಷಗಳ ಕಾಲ ಮತ್ತೆ ಮತ್ತೆ ಬಿದ್ದರು. ಪಠ್ಯಪುಸ್ತಕಗಳು ಹೇಸ್ಟಿಂಗ್ಸ್‌ಗೆ ಬಂದು ನಿಂತುಬಿಡುವುದರಿಂದ ಆ ಐದು ವರ್ಷಗಳು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಕುದುರೆಗಳ ಪಾತ್ರ ಇತ್ತು, ಆದರೆ ಅದೇ ಮುಖ್ಯ ಕಾರಣವಲ್ಲ. ನನ್ನ ದೃಷ್ಟಿಯಲ್ಲಿ ಮುಖ್ಯ ಕಾರಣ ಬೇರೆ. ಆಗಿನ ಪಶ್ಚಿಮ ಯುರೋಪಿನಲ್ಲಿ ಇಂಗ್ಲೆಂಡಿನಷ್ಟು ಅಚ್ಚುಕಟ್ಟಾದ ಆಡಳಿತವಿದ್ದ ರಾಜ್ಯಗಳು ತೀರಾ ವಿರಳ. ಕಂದಾಯದ ಲೆಕ್ಕ, ನಾಣ್ಯ, ಜಿಲ್ಲೆ, ನ್ಯಾಯಸಭೆ ಎಲ್ಲವೂ ಒಬ್ಬ ರಾಜನ ಹೆಸರಿನಲ್ಲಿ ನಡೆಯುತ್ತಿದ್ದವು. ಅಂಥ ರಾಜ್ಯದಲ್ಲಿ ಸಿಂಹಾಸನ ಯಾರ ಕೈಗೆ ಸಿಕ್ಕಿತೋ ಅವರಿಗೆ ಇಡೀ ವ್ಯವಸ್ಥೆಯೂ ಸಿಕ್ಕಿತು. ವಿಲಿಯಂ ಇದನ್ನು ಚೆನ್ನಾಗಿ ಅರಿತಿದ್ದ. ವ್ಯವಸ್ಥೆಯನ್ನು ಒಡೆಯದೆ, ಅದನ್ನು ನಡೆಸುತ್ತಿದ್ದ ಒಡೆಯರನ್ನು ಮಾತ್ರ ಕಿತ್ತುಹಾಕಿದ.

ಮೊದಲಿಗೆ ಹಕ್ಕಿನ ವಿಚಾರ. ರಾಜ ಎಡ್ವರ್ಡ್ ಮಕ್ಕಳಿಲ್ಲದೆ 1066ರ ಜನವರಿ 5ರಂದು ತೀರಿಕೊಂಡ. ಅವನ ತಾಯಿ ಎಮ್ಮಾ ನಾರ್ಮಂಡಿಯ ಮನೆತನದವಳು, ವಿಲಿಯಂನ ಅಜ್ಜನ ಸೋದರಿ. ಎಡ್ವರ್ಡ್ ತನ್ನ ಯೌವನವನ್ನೆಲ್ಲ ನಾರ್ಮಂಡಿಯಲ್ಲಿ ದೇಶಭ್ರಷ್ಟನಾಗಿ ಕಳೆದವನು. ಸಿಂಹಾಸನವನ್ನು ತನಗೇ ಕೊಡುವುದಾಗಿ ಎಡ್ವರ್ಡ್ ಮಾತು ಕೊಟ್ಟಿದ್ದ, ಆಗ ಇಂಗ್ಲೆಂಡಿನ ದೊಡ್ಡ ಸರದಾರನಾಗಿದ್ದ ಹೆರಾಲ್ಡ್ ಕೂಡ ನಾರ್ಮಂಡಿಗೆ ಬಂದಾಗ ಸಂತರ ಅಸ್ಥಿಗಳ ಮೇಲೆ ಕೈಯಿಟ್ಟು ಆಣೆ ಮಾಡಿದ್ದ ಎಂಬುದು ವಿಲಿಯಂನ ವಾದ. ಇಂಗ್ಲಿಷ್ ಕಡೆಯವರ ಪ್ರಕಾರ ಎಡ್ವರ್ಡ್ ಸಾಯುವ ಹೊತ್ತಿನಲ್ಲಿ ರಾಜ್ಯವನ್ನು ಹೆರಾಲ್ಡ್‌ಗೆ ಒಪ್ಪಿಸಿದ. ಎಡ್ವರ್ಡ್‌ನ ಮಣ್ಣಾದ ದಿನವೇ, ಅಂದರೆ ಜನವರಿ 6ರಂದು, ಹೆರಾಲ್ಡ್ ಕಿರೀಟ ಧರಿಸಿದ. ಈ ಅವಸರವೇ ಅವನ ಸ್ಥಿತಿ ಎಷ್ಟು ನಾಜೂಕಾಗಿತ್ತು ಎಂಬುದನ್ನು ಹೇಳುತ್ತದೆ. ಅವನ ಮೈಯಲ್ಲಿ ರಾಜರಕ್ತವಿರಲಿಲ್ಲ. ರಾಜರಕ್ತವಿದ್ದ ಎಡ್ಗರ್ ಇನ್ನೂ ಹುಡುಗ.

ಆ ವರ್ಷದ ಘಟನೆಗಳನ್ನು ದಿನಾಂಕದ ಸಮೇತ ನೋಡಬೇಕು. ಇಲ್ಲದಿದ್ದರೆ ಹೆರಾಲ್ಡ್ ಸೋತದ್ದು ಅರ್ಥವಾಗುವುದಿಲ್ಲ. ಬೇಸಿಗೆಯುದ್ದಕ್ಕೂ ಅವನ ಸೈನ್ಯ ದಕ್ಷಿಣ ಕರಾವಳಿಯಲ್ಲಿ ವಿಲಿಯಂಗಾಗಿ ಕಾದು ಕುಳಿತಿತ್ತು. ವಿಲಿಯಂ ಬರಲಿಲ್ಲ. ಸೆಪ್ಟೆಂಬರ್ 8ರ ಹೊತ್ತಿಗೆ ದಿನಸಿ ಮುಗಿದು, ಸೈನ್ಯವನ್ನು ಊರಿಗೆ ಕಳಿಸಬೇಕಾಯಿತು. ಅದೇ ತಿಂಗಳು ನಾರ್ವೆಯ ರಾಜ ಹೆರಾಲ್ಡ್ ಹಾರ್ಡ್‌ರಾಡ ಸುಮಾರು 300 ಹಡಗುಗಳೊಂದಿಗೆ ಉತ್ತರದಲ್ಲಿ ಇಳಿದ. ಅವನ ಜೊತೆಗಿದ್ದವನು ಇಂಗ್ಲೆಂಡಿನ ಹೆರಾಲ್ಡ್‌ನ ಸ್ವಂತ ತಮ್ಮ ಟಾಸ್ಟಿಗ್. ಸೆಪ್ಟೆಂಬರ್ 20ರಂದು ಯಾರ್ಕ್ ಬಳಿಯ ಫುಲ್‌ಫರ್ಡ್‌ನಲ್ಲಿ ಅವರು ಉತ್ತರದ ಇಬ್ಬರು ದೊಡ್ಡ ಸರದಾರರಾದ ಎಡ್ವಿನ್ ಮತ್ತು ಮೊರ್ಕಾರ್ ಸಹೋದರರನ್ನು ಸೋಲಿಸಿದರು. ಹೆರಾಲ್ಡ್ ಹಗಲು ರಾತ್ರಿ ಎನ್ನದೆ ಸುಮಾರು 300 ಕಿಲೋಮೀಟರ್ ಉತ್ತರಕ್ಕೆ ಧಾವಿಸಿ, 25ರಂದು ಸ್ಟ್ಯಾಮ್‌ಫರ್ಡ್ ಬ್ರಿಡ್ಜ್‌ನಲ್ಲಿ ನಾರ್ವೆಯವರ ಮೇಲೆ ಎರಗಿದ. ಹಾರ್ಡ್‌ರಾಡನೂ ಸತ್ತ, ಟಾಸ್ಟಿಗ್‌ನೂ ಸತ್ತ. ಅಳಿದುಳಿದವರು ಊರಿಗೆ ಮರಳಲು 24 ಹಡಗುಗಳು ಸಾಕಾದವು. ಮೂರೇ ದಿನದ ನಂತರ, ಸೆಪ್ಟೆಂಬರ್ 28ರಂದು, ಕಾವಲೇ ಇಲ್ಲದ ದಕ್ಷಿಣದ ಪೆವೆನ್ಸಿ ತೀರದಲ್ಲಿ ವಿಲಿಯಂ ಇಳಿದ.

ಹೆರಾಲ್ಡ್ ಲಂಡನ್ನಿನಲ್ಲೇ ನಿಂತು ಸೈನ್ಯ ಕೂಡಿಸಿಕೊಳ್ಳಬಹುದಿತ್ತು. ದಿನ ಕಳೆದಂತೆ ಕಷ್ಟವಾಗುತ್ತಿದ್ದದ್ದು ಪರದೇಶದ ನೆಲದಲ್ಲಿ ಆಹಾರಕ್ಕಾಗಿ ಊರು ಸುಲಿಯುತ್ತಿದ್ದ ವಿಲಿಯಂಗೇ. ಆದರೆ ಸುಲಿಗೆಯಾಗುತ್ತಿದ್ದದ್ದು ಹೆರಾಲ್ಡ್‌ನ ಮನೆತನದ ಸ್ವಂತ ಸೀಮೆಯಲ್ಲಿ. ಹೊಸ ರಾಜನಾಗಿ ಅದನ್ನು ನೋಡಿಕೊಂಡು ಕೂರುವುದು ಅವನಿಂದಾಗಲಿಲ್ಲ. ಅವಸರದಿಂದ ದಕ್ಷಿಣಕ್ಕೆ ನಡೆದ. ಫುಲ್‌ಫರ್ಡ್‌ನಲ್ಲಿ ಮುರಿದುಬಿದ್ದಿದ್ದ ಉತ್ತರದ ಪಡೆಗಳು ಅವನ ಜೊತೆಗಿರಲಿಲ್ಲ.

ಅಕ್ಟೋಬರ್ 14, ಶನಿವಾರ. ಬೆಳಿಗ್ಗೆ ಸುಮಾರು ಒಂಬತ್ತಕ್ಕೆ ಶುರುವಾದ ಕದನ ಕತ್ತಲಾಗುವವರೆಗೆ ನಡೆಯಿತು. ಆ ಕಾಲದ ಕದನಗಳು ಸಾಮಾನ್ಯವಾಗಿ ಒಂದೆರಡು ಗಂಟೆಯಲ್ಲಿ ಇತ್ಯರ್ಥವಾಗುತ್ತಿದ್ದವು. ಇಂಗ್ಲಿಷರು ಗುಡ್ಡದ ಏಣಿನ ಮೇಲೆ ಗುರಾಣಿಗೆ ಗುರಾಣಿ ತಾಗಿಸಿ ಗೋಡೆಯಂತೆ ನಿಂತರು. ಏರುಮುಖವಾಗಿ ಬಂದ ನಾರ್ಮನ್ ರಾವುತರಿಗೆ ಅದನ್ನು ಭೇದಿಸಲಾಗಲಿಲ್ಲ. ನೀವು ಕೇಳಿದ ಕುದುರೆಗಳ ಪ್ರಶ್ನೆಗೆ ಇದೇ ಉತ್ತರ: ಇಡೀ ಬೆಳಗಿನ ಹೊತ್ತು ಕುದುರೆಗಳು ಗೋಡೆಯನ್ನು ಅಲುಗಿಸಲಿಲ್ಲ. ವಿಲಿಯಂನ ಎಡಪಕ್ಕದಲ್ಲಿದ್ದ, ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದವರು ಹಿಮ್ಮೆಟ್ಟಿ ಓಡಿದರು, ಡ್ಯೂಕ್ ಸತ್ತನೆಂಬ ಗುಲ್ಲೆದ್ದಿತು. ಆಗ ವಿಲಿಯಂ ಶಿರಸ್ತ್ರಾಣ ಎತ್ತಿ ತನ್ನ ಮುಖ ತೋರಿಸಿ ಸೈನ್ಯವನ್ನು ನಿಲ್ಲಿಸಿದ. ಬೇಯೋ ಕಸೂತಿಯಲ್ಲಿ ಈ ದೃಶ್ಯವನ್ನು ಇವತ್ತಿಗೂ ನೋಡಬಹುದು. ಸುಮಾರು 70 ಮೀಟರ್ ಉದ್ದದ ಲಿನನ್ ಬಟ್ಟೆಯ ಮೇಲೆ ಬಣ್ಣದ ಉಣ್ಣೆಯ ನೂಲಿನಿಂದ ಹೊಲಿದ ಚಿತ್ರಕಥೆ ಅದು. ಓಡಿದವರನ್ನು ಅಟ್ಟಿಸಿಕೊಂಡು ಇಂಗ್ಲಿಷರು ಕೆಳಗಿಳಿದಾಗ ಗೋಡೆ ಬಿರುಕುಬಿಟ್ಟಿತು. ಆ ಬಿರುಕಿನಲ್ಲಿ ಕುದುರೆಗಳಿಗೆ ಕೆಲಸ ಸಿಕ್ಕಿತು. ಓಡಿದಂತೆ ನಟಿಸಿ ಮತ್ತಷ್ಟು ಜನರನ್ನು ಕೆಳಗಿಳಿಸಿದರೆಂದು ನಾರ್ಮನ್ ಬರಹಗಾರರು ಹೇಳುತ್ತಾರೆ. ಹೆರಾಲ್ಡ್‌ನ ಕಣ್ಣಿಗೆ ಬಾಣ ಬಿತ್ತೇ ಇಲ್ಲವೇ ಎಂಬ ಚರ್ಚೆ ಮುಗಿಯುವಂಥದ್ದಲ್ಲ, ನಿಮ್ಮ ಪ್ರಶ್ನೆಗೆ ಅದು ಮುಖ್ಯವೂ ಅಲ್ಲ. ಮುಖ್ಯವಾದದ್ದು ಏನೆಂದರೆ, ಅದೇ ದಿನ ಅದೇ ಗುಡ್ಡದ ಮೇಲೆ ಅವನ ತಮ್ಮಂದಿರಾದ ಗಿರ್ತ್ ಮತ್ತು ಲಿಯೋಫ್‌ವೈನ್ ಕೂಡ ಸತ್ತರು. ದೇಶವನ್ನು ಒಟ್ಟುಗೂಡಿಸಬಲ್ಲ ಮನೆತನದ ಮುಂದಾಳುಗಳು ಒಂದೇ ದಿನದಲ್ಲಿ ಅಳಿದುಹೋದರು.

ಈ ಕದನ ಗೆದ್ದವರ ಮನಸ್ಸಿನ ಮೇಲೂ ಎಂಥ ಭಾರ ಹೊರಿಸಿತ್ತು ಎಂಬುದಕ್ಕೆ ಒಂದು ದಾಖಲೆ ಉಳಿದಿದೆ, ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ನಾರ್ಮಂಡಿಯ ಬಿಷಪ್‌ಗಳು ತಮ್ಮದೇ ಸೈನಿಕರಿಗೆ ಪ್ರಾಯಶ್ಚಿತ್ತದ ಪಟ್ಟಿ ಮಾಡಿದರು. ಕೊಂದದ್ದು ಗೊತ್ತಿದ್ದರೆ ಒಬ್ಬೊಬ್ಬನಿಗೆ ಒಂದು ವರ್ಷ. ಹೊಡೆದು, ಸತ್ತನೋ ಬದುಕಿದನೋ ತಿಳಿಯದಿದ್ದರೆ ತಲೆಗೆ 40 ದಿನ. ಎಷ್ಟು ಜನರನ್ನು ಹೊಡೆದೆನೆಂದೇ ಲೆಕ್ಕವಿಲ್ಲದವನು ಬದುಕಿರುವವರೆಗೂ ವಾರಕ್ಕೊಂದು ದಿನ ವ್ರತವಿರಬೇಕು, ಇಲ್ಲವೆ ಚರ್ಚ್ ಕಟ್ಟಿಸಬೇಕು. ತಮ್ಮ ಬಾಣ ಯಾರಿಗೆ ತಾಗಿತೆಂದು ಬಿಲ್ಲಾಳುಗಳಿಗೆ ತಿಳಿಯುವುದು ಸಾಧ್ಯವಿಲ್ಲವಲ್ಲ, ಅವರು ಮೂರು ಲೆಂಟ್ ಉಪವಾಸ ಕಾಲಗಳನ್ನು ಆಚರಿಸಬೇಕು. 1070ರಲ್ಲಿ ಪೋಪ್‌ನ ಪ್ರತಿನಿಧಿ ಇದನ್ನು ಅನುಮೋದಿಸಿದ. ವಿಲಿಯಂ ಸ್ವತಃ ಯುದ್ಧಭೂಮಿಯಲ್ಲೇ ಒಂದು ಮಠ ಕಟ್ಟಿಸಿ, ಹೆರಾಲ್ಡ್ ಬಿದ್ದನೆಂದು ಹೇಳುವ ಜಾಗದಲ್ಲಿ ಪೂಜಾವೇದಿಕೆ ಇರಿಸಿದ.

ಕದನ ಮುಗಿದ ಮೇಲೆ ವಿಲಿಯಂ ಹೇಸ್ಟಿಂಗ್ಸ್‌ನಲ್ಲೇ ಕಾದ, ಯಾರಾದರೂ ಶರಣಾಗಲು ಬಂದಾರೆಂದು. ಯಾರೂ ಬರಲಿಲ್ಲ. ಲಂಡನ್ನಿನಲ್ಲಿ ಉಳಿದ ಮುಖಂಡರು ಹುಡುಗ ಎಡ್ಗರ್‌ನನ್ನೇ ರಾಜನೆಂದು ಆರಿಸಿದರು. ಲಂಡನ್ನಿಗೆ ನೇರವಾಗಿ ಮುತ್ತಿಗೆ ಹಾಕುವಷ್ಟು ಜನ ವಿಲಿಯಂ ಬಳಿ ಇರಲಿಲ್ಲ. ಅವನು ಡೋವರ್, ಕ್ಯಾಂಟರ್‌ಬರಿ ಹಿಡಿದು, ಥೇಮ್ಸ್‌ನ ದಕ್ಷಿಣ ದಡದ ಸದರ್ಕ್ ಸುಟ್ಟು, ಪಶ್ಚಿಮಕ್ಕೆ ಸುತ್ತುಹಾಕಿ ವಾಲಿಂಗ್‌ಫರ್ಡ್‌ನಲ್ಲಿ ನದಿ ದಾಟಿ, ದಾರಿಯ ಊರುಗಳನ್ನು ಸುಲಿಯುತ್ತ ರಾಜಧಾನಿಯನ್ನು ಒಂಟಿಯಾಗಿಸಿದ. ಬರ್ಕ್‌ಹ್ಯಾಮ್‌ಸ್ಟೆಡ್‌ನಲ್ಲಿ ಎಡ್ಗರ್‌ನೂ ಸೇರಿದಂತೆ ಎಲ್ಲರೂ ಬಂದು ತಲೆಬಾಗಿದರು. ಆಗಲೇ ತಲೆಬಾಗಿದ್ದರೆ ಇಷ್ಟೊಂದು ನಾಶ ತಪ್ಪುತ್ತಿತ್ತು ಎಂದು ಇಂಗ್ಲಿಷ್ ಬಖರುಗಾರನೇ ನೊಂದು ಬರೆದಿದ್ದಾನೆ.

ಆ ಡಿಸೆಂಬರ್ 25ರಂದು ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಪಟ್ಟಾಭಿಷೇಕ. ಈ ರಾಜ ನಿಮಗೆ ಒಪ್ಪಿಗೆಯೇ ಎಂದು ಯಾರ್ಕ್‌ನ ಆರ್ಚ್‌ಬಿಷಪ್ ಇಂಗ್ಲಿಷಿನಲ್ಲೂ ಕೂಟಾನ್ಸಿನ ಬಿಷಪ್ ಫ್ರೆಂಚಿನಲ್ಲೂ ಕೇಳಿದರು. ಒಳಗಿದ್ದವರು ಒಪ್ಪಿಗೆಯೆಂದು ಕೂಗಿದ್ದನ್ನು ಹೊರಗಿನ ನಾರ್ಮನ್ ಕಾವಲುಗಾರರು ದಂಗೆಯೆಂದು ತಿಳಿದು ಸುತ್ತಲಿನ ಮನೆಗಳಿಗೆ ಬೆಂಕಿಯಿಟ್ಟರು. ಜನ ಚರ್ಚಿನಿಂದ ಓಡಿಹೋದರು. ಬೆರಳೆಣಿಕೆಯ ಪಾದ್ರಿಗಳು ನಿಂತು ವಿಧಿ ಮುಗಿಸಿದರು. ವಿಲಿಯಂ ಅಲ್ಲಿ ಗಡಗಡ ನಡುಗುತ್ತಿದ್ದನಂತೆ.

ಹೊಸ ರಾಜ ಮೊದಲು ಆಡಿದ ಮಾತು ಸಮಾಧಾನದ್ದೇ. ಲಂಡನ್ ನಗರಕ್ಕೆ ಅವನು ಕಳಿಸಿದ ಒಂದು ಪುಟ್ಟ ಆಜ್ಞಾಪತ್ರ ಇವತ್ತಿಗೂ ಉಳಿದಿದೆ. ಸುಮಾರು 15 ಸೆಂಟಿಮೀಟರ್ ಉದ್ದ, ನಾಲ್ಕು ಸೆಂಟಿಮೀಟರ್ ಅಗಲದ ಚರ್ಮದ ಪಟ್ಟಿ, ಅದರಲ್ಲಿ ಕೆಲವೇ ಸಾಲು, ಭಾಷೆ ಇಂಗ್ಲಿಷ್. ಎಡ್ವರ್ಡ್ ರಾಜನ ಕಾಲದಲ್ಲಿ ನಿಮಗಿದ್ದ ಕಾನೂನುಗಳೆಲ್ಲ ಹಾಗೆಯೇ ನಡೆಯುತ್ತವೆ, ತಂದೆಯ ಕಾಲಾನಂತರ ಮಕ್ಕಳೇ ವಾರಸುದಾರರು, ನಿಮಗೆ ಯಾರೂ ಅನ್ಯಾಯ ಮಾಡಲು ಬಿಡುವುದಿಲ್ಲ ಎಂಬುದು ಸಾರಾಂಶ. ವಿಲಿಯಂ ತನ್ನನ್ನು ಗೆದ್ದವನೆಂದು ಕರೆದುಕೊಳ್ಳಲಿಲ್ಲ, ಎಡ್ವರ್ಡ್‌ನ ನ್ಯಾಯಬದ್ಧ ಉತ್ತರಾಧಿಕಾರಿ ಎಂದ. ಹೆರಾಲ್ಡ್‌ನ ಆಳ್ವಿಕೆಯನ್ನು ದಾಖಲೆಗಳಿಂದ ಮೆಲ್ಲಗೆ ಅಳಿಸಿದರು. ಈ ಕಾನೂನು ವೇಷವನ್ನು ಬರಿಯ ತೋರಿಕೆ ಎಂದು ತಳ್ಳಿಹಾಕಬೇಡಿ. ಭೂಮಿಯ ಮಾತು ಬಂದಾಗ ಅದರ ಬಲ ಗೊತ್ತಾಗುತ್ತದೆ.

ಇನ್ನು ದಂಗೆಗಳು. 1068ರ ಆರಂಭದಲ್ಲಿ ಎಕ್ಸೆಟರ್ ನಗರ ಬಾಗಿಲು ಹಾಕಿತು. ಹೆರಾಲ್ಡ್‌ನ ತಾಯಿ ಗೀತಾ ಆಗ ಅಲ್ಲಿದ್ದಳು. 18 ದಿನಗಳ ಮುತ್ತಿಗೆಯ ನಂತರ ಊರು ಒಪ್ಪಂದಕ್ಕೆ ಬಂತು. ಹೆರಾಲ್ಡ್‌ನ ಮಕ್ಕಳು ಐರ್ಲೆಂಡಿನಿಂದ ಹಡಗು ತಂದು ನೈಋತ್ಯ ಕರಾವಳಿಯ ಮೇಲೆ ಬಿದ್ದರು. 1069ರ ಜನವರಿಯಲ್ಲಿ ಡರ್‌ಹ್ಯಾಮ್‌ಗೆ ಹೋದ ವಿಲಿಯಂನ ಅಧಿಕಾರಿ ರಾಬರ್ಟ್ ದ ಕೊಮಿನ್ ತನ್ನ ಸೈನಿಕರ ಸಮೇತ ಕೊಲೆಯಾದ. ಅದೇ ಸೆಪ್ಟೆಂಬರ್‌ನಲ್ಲಿ ಡೆನ್ಮಾರ್ಕಿನ ರಾಜ ಸ್ವೇನ್ ಕಳಿಸಿದ ದೊಡ್ಡ ನೌಕಾಪಡೆಯೂ ಉತ್ತರದ ಇಂಗ್ಲಿಷರೂ ಸೇರಿ ಯಾರ್ಕ್ ವಶಪಡಿಸಿಕೊಂಡರು. ಹೇಸ್ಟಿಂಗ್ಸ್‌ಗಿಂತ ಅಪಾಯದ ಗಳಿಗೆ ವಿಲಿಯಂಗೆ ಬಂದಿದ್ದರೆ ಅದು ಇದೇ ಎಂದು ನಾನು ನಂಬುತ್ತೇನೆ.

ಹಾಗಾದರೆ ಸೋತದ್ದೇಕೆ? ದಂಗೆಗಳು ಒಂದೇ ಸಲ ಏಳಲಿಲ್ಲ. ಪಶ್ಚಿಮ ಎದ್ದಾಗ ಉತ್ತರ ಸುಮ್ಮನಿತ್ತು, ಉತ್ತರ ಎದ್ದಾಗ ದಕ್ಷಿಣದ ಇಂಗ್ಲಿಷ್ ಪಡೆಗಳೇ ವಿಲಿಯಂನ ಪರ ಹೋರಾಡಿದವು. ಒಬ್ಬರಿಗೆ ಎಡ್ಗರ್ ಬೇಕು, ಇನ್ನೊಬ್ಬರಿಗೆ ಹೆರಾಲ್ಡ್‌ನ ಮಕ್ಕಳು, ಮತ್ತೊಬ್ಬರಿಗೆ ಡೆನ್ಮಾರ್ಕಿನ ಸ್ವೇನ್. ಡೇನರಿಗೆ ವಿಲಿಯಂ ಹಣ ಕೊಟ್ಟು ಬಾಯಿ ಮುಚ್ಚಿಸಿದ. ಇದೆಲ್ಲದರ ಜೊತೆಗೆ, ಇಂಗ್ಲಿಷರಿಗೆ ಅಭ್ಯಾಸವೇ ಇಲ್ಲದ ಒಂದು ಸಾಧನ ನಾರ್ಮನ್ನರ ಬಳಿ ಇತ್ತು, ಕೋಟೆ.

ಕೋಟೆಯೆಂದರೆ ನಮ್ಮ ಚಿತ್ರದುರ್ಗದಂಥ ಕಲ್ಲಿನ ಕೋಟೆಯನ್ನು ಕಲ್ಪಿಸಿಕೊಳ್ಳಬೇಡಿ. ಸುತ್ತ ಕಂದಕ ತೋಡಿ, ಆ ಮಣ್ಣನ್ನೇ ನಡುವೆ ಸುರಿದು ಪದರ ಪದರವಾಗಿ ಗುದ್ದಿ, ಮಗುಚಿಟ್ಟ ಕೊಳಗದ ಆಕಾರದ ದಿಬ್ಬ ಎಬ್ಬಿಸುವುದು, ಅದರ ತಲೆಯ ಮೇಲೆ ಮರದ ಬುರುಜು. ಪಕ್ಕದಲ್ಲಿ ಮರದ ಬೇಲಿ ಕಟ್ಟಿದ ಅಂಗಳ, ಅದರೊಳಗೆ ಕುದುರೆ ಲಾಯ, ಉಗ್ರಾಣ, ಅಡುಗೆಮನೆ. ಅಗೆಯುವವರು ಅದೇ ಊರಿನ ಜನ, ಬಿಟ್ಟಿ ಚಾಕರಿ. ಯಾರ್ಕ್‌ನ ಎರಡನೆಯ ಕೋಟೆಗೆ ವಿಲಿಯಂ ತೆಗೆದುಕೊಂಡದ್ದು ಎಂಟೇ ದಿನ. ಅದರೊಳಗಿನ ಕೆಲವೇ ಹತ್ತಾರು ರಾವುತರು ಸುತ್ತಲಿನ ಸೀಮೆಯನ್ನು ಹದ್ದುಬಸ್ತಿನಲ್ಲಿ ಇಡಬಲ್ಲರು. ನಿಮ್ಮ ಪ್ರಶ್ನೆಯಲ್ಲಿದ್ದ ಕುದುರೆಯ ನಿಜವಾದ ಬಲ ಇಲ್ಲಿದೆ, ಕೋಟೆಯಿಂದ ಹೊರಟು ಸಂಜೆಯೊಳಗೆ ಸುತ್ತಲಿನ ಹಳ್ಳಿ ತಲುಪಿ ಮರಳುವುದರಲ್ಲಿ. ಜಾಗಕ್ಕಾಗಿ ಊರಿನ ನಡುವಿನ ಮನೆಗಳನ್ನೇ ಕೆಡವುತ್ತಿದ್ದರು. ಲಿಂಕನ್ ನಗರದಲ್ಲಿ ಕೋಟೆಗಾಗಿ 166 ಮನೆಗಳು ಹೋದವು, ಯಾರ್ಕ್ ನಗರದ ಏಳು ಭಾಗಗಳಲ್ಲಿ ಒಂದು ಪೂರ್ತಿ ಹಾಳಾಯಿತು. ಇಂಗ್ಲಿಷರು ಧೈರ್ಯಶಾಲಿಗಳಾಗಿದ್ದರೂ ಎದುರಿಸಲಾಗದೆ ಹೋದದ್ದಕ್ಕೆ ಅವರಲ್ಲಿ ಕೋಟೆಗಳಿಲ್ಲದಿದ್ದದ್ದೇ ಕಾರಣ ಎಂದು ಸನ್ಯಾಸಿ ಆರ್ಡೆರಿಕ್ ವಿಟಾಲಿಸ್ ಬರೆದಿದ್ದಾನೆ.

ಈ ಆರ್ಡೆರಿಕ್‌ನ ತಾಯಿ ಇಂಗ್ಲಿಷ್, ತಂದೆ ಫ್ರೆಂಚ್. ಹುಟ್ಟಿದ್ದು 1075ರಲ್ಲಿ, ಬದುಕಿದ್ದು ನಾರ್ಮಂಡಿಯ ಮಠದಲ್ಲಿ. ವಿಲಿಯಂನನ್ನು ಎಷ್ಟೋ ಕಡೆ ಹೊಗಳಿದವನು ಒಂದು ವಿಷಯದಲ್ಲಿ ಮಾತ್ರ ಕ್ಷಮಿಸಲಾರೆ ಎನ್ನುತ್ತಾನೆ. ಅದು 1069-70ರ ಚಳಿಗಾಲ. ಯಾರ್ಕ್ ಮರಳಿ ಹಿಡಿದ ವಿಲಿಯಂ ಸೈನ್ಯವನ್ನು ತುಕಡಿಗಳಾಗಿ ಒಡೆದು ಉತ್ತರದ ಹಳ್ಳಿಗಳಿಗೆ ಕಳಿಸಿದ. ಕಣಜದ ಧಾನ್ಯ, ನೇಗಿಲು, ದನಕರು, ಮನೆ, ಎಲ್ಲವನ್ನೂ ಸುಟ್ಟರು. ಮತ್ತೊಮ್ಮೆ ಡೇನರು ಬಂದರೆ ಅವರಿಗೆ ಅನ್ನವಾಗಲಿ ಆಸರೆಯಾಗಲಿ ಸಿಗಬಾರದು ಎಂಬುದು ಲೆಕ್ಕ. ಹಸಿವಿನಿಂದ ಒಂದು ಲಕ್ಷ ಜನ ಸತ್ತರೆಂದು ಆರ್ಡೆರಿಕ್ ಹೇಳುತ್ತಾನೆ. ಇದನ್ನು ಎಣಿಸಿ ಹೇಳಿದ ಸಂಖ್ಯೆಯೆಂದು ತಿಳಿಯಬಾರದು, ಸಂಕಟದ ಗಾತ್ರ ಹೇಳುವ ಮಾತು ಅದು. ಆದರೆ 16 ವರ್ಷಗಳ ನಂತರವೂ ಸರಕಾರದ್ದೇ ಲೆಕ್ಕದಲ್ಲಿ ಯಾರ್ಕ್‌ಶೈರಿನ ಊರಿಂದೂರಿಗೆ ‘ಪಾಳು’ ಎಂದು ಬರೆದಿರುವುದನ್ನು ಯಾವ ಇತಿಹಾಸಕಾರನೂ ತಳ್ಳಿಹಾಕಲಾಗದು. ಈ ಕ್ರೌರ್ಯವನ್ನು ‘ಆ ಕಾಲದ ರೂಢಿ’ ಎಂದು ಮುಚ್ಚಿಹಾಕುವವರಿಗೆ ನಾನು ಆರ್ಡೆರಿಕ್‌ನನ್ನೇ ತೋರಿಸುತ್ತೇನೆ. ಅವನು ಆ ಕಾಲಕ್ಕೆ ಹತ್ತಿರದವನು, ಅವನಿಗೂ ಅದು ಘೋರವೆನಿಸಿತು.

1071ರಲ್ಲಿ ಜೌಗು ಪ್ರದೇಶದ ಈಲೀ ದ್ವೀಪದಲ್ಲಿ ಹೆರೆವರ್ಡ್ ಮತ್ತು ಸಂಗಡಿಗರ ಪ್ರತಿರೋಧ ಮುರಿದ ಮೇಲೆ ದೊಡ್ಡ ಪ್ರಮಾಣದ ಇಂಗ್ಲಿಷ್ ಹೋರಾಟ ಮುಗಿಯಿತು. ಎಡ್ವಿನ್ ತನ್ನವರಿಂದಲೇ ಹತನಾದ, ಮೊರ್ಕಾರ್ ಸೆರೆಯಾದ.

ದಂಗೆಯ ಈ ವರ್ಷಗಳಲ್ಲೇ ಭೂಮಿ ಕೈಬದಲಾಯಿತು. ಹೇಸ್ಟಿಂಗ್ಸ್‌ನಲ್ಲಿ ವಿಲಿಯಂ ವಿರುದ್ಧ ನಿಂತವರು ‘ನ್ಯಾಯಬದ್ಧ ರಾಜ’ನಿಗೆ ದ್ರೋಹ ಬಗೆದವರು, ಆದ್ದರಿಂದ ಅವರ ಭೂಮಿ ಮುಟ್ಟುಗೋಲು. ಉಳಿದವರು ತಮ್ಮ ಭೂಮಿಯನ್ನೇ ರಾಜನಿಗೆ ಹಣ ಕೊಟ್ಟು ಬಿಡಿಸಿಕೊಳ್ಳಬೇಕಾಯಿತು. ಪ್ರತಿ ದಂಗೆಯ ನಂತರ ಮತ್ತಷ್ಟು ಮುಟ್ಟುಗೋಲು. ಒಬ್ಬ ನಾರ್ಮನ್ ಸರದಾರನಿಗೆ ಜಹಗೀರು ಕೊಡುವಾಗ ಬಹಳ ಸಲ ಇಂಥ ಇಂಗ್ಲಿಷ್ ಒಡೆಯನಿಗೆ ಏನೇನು ಇತ್ತೋ ಅದೆಲ್ಲ ನಿನಗೆ ಎಂದೇ ಕೊಡುತ್ತಿದ್ದರು. ಹಳೆಯ ಹಕ್ಕು, ಹಳೆಯ ಬಾಕಿ, ಹಳೆಯ ಗಡಿ ತಕರಾರು ಸಮೇತ. ಮೇಲೆ ಹೇಳಿದ ಕಾನೂನು ವೇಷದ ಬಲ ಇದೇ.

ಇದರ ಫಲ ಏನಾಯಿತೆಂದು ನಮಗೆ ತಿಳಿಯುವುದು ಡೂಮ್ಸ್‌ಡೇ ಎಂದು ಹೆಸರಾದ ಸಮೀಕ್ಷೆಯಿಂದ. 1085ರ ಕ್ರಿಸ್ಮಸ್‌ನಲ್ಲಿ ಗ್ಲಾಸ್ಟರ್‌ನಲ್ಲಿ ವಿಲಿಯಂ ಅದಕ್ಕೆ ಆಜ್ಞೆ ಮಾಡಿದ, ಮರುವರ್ಷವೇ ಅಧಿಕಾರಿಗಳು 13,000ಕ್ಕೂ ಹೆಚ್ಚು ಊರುಗಳ ವಿವರ ಕಲೆಹಾಕಿದರು. ಪ್ರತಿ ಊರಿನ ಪಾದ್ರಿ, ಮುಖಂಡ ಮತ್ತು ಆರು ಜನ ರೈತರನ್ನು ಪ್ರಮಾಣ ಮಾಡಿಸಿ ಕೇಳಿದ ಪ್ರಶ್ನೆಗಳು ಒಂದು ಪ್ರತಿಯಲ್ಲಿ ಉಳಿದಿವೆ. ಊರಿನ ಹೆಸರೇನು, ಎಡ್ವರ್ಡ್ ಕಾಲದಲ್ಲಿ ಯಾರದಾಗಿತ್ತು, ಈಗ ಯಾರದು, ನೇಗಿಲೆಷ್ಟು, ಗಿರಣಿಯೆಷ್ಟು, ಮೀನಿನ ಹೊಂಡವೆಷ್ಟು, ಆಗ ಬೆಲೆಯೆಷ್ಟು, ಈಗೆಷ್ಟು. ಕೊನೆಗೆ, ಈಗ ಬರುತ್ತಿರುವುದಕ್ಕಿಂತ ಹೆಚ್ಚು ವಸೂಲು ಮಾಡಲು ಸಾಧ್ಯವೆ? ಒಂದು ಎತ್ತು, ಒಂದು ಹಸು, ಒಂದು ಹಂದಿಯನ್ನೂ ಬಿಡಲಿಲ್ಲ, ಹೇಳಲೂ ನಾಚಿಕೆಯಾಗುತ್ತದೆ ಎಂದು ಇಂಗ್ಲಿಷ್ ಬಖರುಗಾರ ಬರೆದ.

ಲೆಕ್ಕ ನೋಡಿದರೆ, ಭೂಮಿಯ ಮೌಲ್ಯದಲ್ಲಿ ಸುಮಾರು ಆರನೆಯ ಒಂದು ಭಾಗ ರಾಜನದು, ಕಾಲು ಭಾಗ ಚರ್ಚಿನದು, ಅರ್ಧದಷ್ಟು 200ಕ್ಕೂ ಕಡಿಮೆ ಜನ ಸರದಾರರದು. ಹಿಂದೆ ಇದೇ ಭೂಮಿ ಸಾವಿರಾರು ಇಂಗ್ಲಿಷ್ ಒಡೆಯರ ಕೈಯಲ್ಲಿತ್ತು. ಈಗ ಅವರ ಪಾಲಿಗೆ ಉಳಿದದ್ದು ನೂರಕ್ಕೆ ಐದರಷ್ಟು. ಬಕಿಂಗ್‌ಹ್ಯಾಮ್‌ಶೈರಿನ ಮಾರ್ಷ್ ಗಿಬ್ಬನ್ ಎಂಬ ಊರಿನ ನಮೂದಿನಲ್ಲಿ ಐಲ್ರಿಕ್ ಎಂಬವನ ಹೆಸರಿದೆ. ಎಡ್ವರ್ಡ್ ಕಾಲದಲ್ಲಿ ಆ ಭೂಮಿ ಅವನದೇ. 1086ರಲ್ಲಿ ಅದೇ ಭೂಮಿಯನ್ನು ಅವನು ನಾರ್ಮನ್ ಒಡೆಯನಿಂದ ಗುತ್ತಿಗೆಗೆ ಪಡೆದು ಉಳುತ್ತಿದ್ದಾನೆ, ‘ಭಾರದಿಂದ, ದೈನ್ಯದಿಂದ’. ಸಂಖ್ಯೆಗಳನ್ನಷ್ಟೇ ಬರೆಯಬೇಕಿದ್ದ ಗುಮಾಸ್ತ ಅದೇಕೆ ಈ ಎರಡು ಮಾತು ಸೇರಿಸಿದನೋ, ನನ್ನ ಮಟ್ಟಿಗೆ ಇಡೀ ಗ್ರಂಥದಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿಯಿಲ್ಲ.

ಇಂಥದ್ದೊಂದು ಸಮೀಕ್ಷೆ ವರ್ಷದೊಳಗೆ ಸಾಧ್ಯವಾದದ್ದು ಹೇಗೆ? ಇಲ್ಲಿಗೆ ಮತ್ತೆ ನಾನು ಮೊದಲು ಹೇಳಿದ ಮಾತಿಗೆ ಬರುತ್ತೇನೆ. ದೇಶ ಆಗಲೇ ಶೈರ್ ಎಂಬ ಜಿಲ್ಲೆಗಳಾಗಿ, ಅದರೊಳಗೆ ನಮ್ಮ ಹೋಬಳಿಗೆ ಸಮೀಪದ ‘ಹಂಡ್ರೆಡ್’ಗಳಾಗಿ ಹಂಚಿಹೋಗಿತ್ತು. ಪ್ರತಿ ಊರಿನ ಕಂದಾಯ ಎಷ್ಟೆಂದು ಗೊತ್ತಿತ್ತು. ಜಿಲ್ಲೆಯ ಶೆರಿಫ್‌ಗೆ ರಾಜ ಮುದ್ರೆಯೊತ್ತಿದ ಚಿಕ್ಕ ಆಜ್ಞಾಪತ್ರ ಕಳಿಸಿದರೆ ಕೆಲಸ ನಡೆಯುತ್ತಿತ್ತು. ನಾರ್ಮಂಡಿಯಲ್ಲಿ ಈ ಮಟ್ಟದ ಏರ್ಪಾಡಿರಲಿಲ್ಲ. ವಿಲಿಯಂ ಶೆರಿಫ್ ಹುದ್ದೆಯಲ್ಲಿ ತನ್ನವರನ್ನು ಕೂರಿಸಿದ, ಸುಮಾರು 1070ರ ನಂತರ ಆಜ್ಞಾಪತ್ರದ ಭಾಷೆ ಇಂಗ್ಲಿಷ್ ಹೋಗಿ ಲ್ಯಾಟಿನ್ ಆಯಿತು, ಹುದ್ದೆಯೂ ಪತ್ರವೂ ಉಳಿದವು. ಆ ಪತ್ರವೇ ರಿಟ್. ಮುಂದಿನ ಶತಮಾನಗಳಲ್ಲಿ ನ್ಯಾಯಾಲಯಗಳ ಕೈಯಲ್ಲಿ ಬೆಳೆದು, ಬ್ರಿಟಿಷರ ಮೂಲಕ ನಮ್ಮಲ್ಲಿಗೆ ಬಂದು, ಸಂವಿಧಾನದ 32 ಮತ್ತು 226ನೇ ವಿಧಿಗಳಲ್ಲಿ ಸೇರಿತು. ಬೆಂಗಳೂರಿನ ಹೈಕೋರ್ಟಿಗೆ ಇವತ್ತು ಸಲ್ಲಿಸುವ ರಿಟ್ ಅರ್ಜಿಯ ವಂಶ ವಿಲಿಯಂಗಿಂತಲೂ ಹಿಂದಿನದು.

ಚರ್ಚಿನಲ್ಲೂ ಹೀಗೆಯೇ ಆಯಿತು. 1070ರಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಸ್ಟಿಗಂಡ್‌ನನ್ನು ಇಳಿಸಿ ಇಟಲಿ ಮೂಲದ ಲಾನ್‌ಫ್ರಾಂಕ್‌ನನ್ನು ತಂದರು. ವಿಲಿಯಂ ಸಾಯುವ ಹೊತ್ತಿಗೆ, ಅಂದರೆ 1087ಕ್ಕೆ, ಇಂಗ್ಲಿಷ್ ಮೂಲದ ಬಿಷಪ್ ಎಂದು ಹೇಳಬಹುದಾದವನು ವೂಸ್ಟರ್‌ನ ವುಲ್ಫ್‌ಸ್ಟನ್ ಒಬ್ಬನೇ.

ಹಾಗೆಂದು ನಾರ್ಮನ್ನರು ನಿಶ್ಚಿಂತೆಯಿಂದ ಇದ್ದರೆಂದಲ್ಲ. ಬಂದು ನೆಲೆಸಿದವರು ಕೆಲವು ಸಾವಿರ, ಸುತ್ತ ಲಕ್ಷಾಂತರ ಇಂಗ್ಲಿಷರು. ಕಾಡುದಾರಿಯಲ್ಲಿ ಒಂಟಿ ನಾರ್ಮನ್ನರು ಹೆಣವಾಗುತ್ತಿದ್ದರು. ಅದಕ್ಕಾಗಿ ಒಂದು ದಂಡದ ಕಾನೂನು ಬಂತು. ನಾರ್ಮನ್ನನ ಹೆಣ ಸಿಕ್ಕಿ ಕೊಲೆಗಾರ ಸಿಗದಿದ್ದರೆ ಆ ಹಂಡ್ರೆಡ್‌ನ ಜನರೆಲ್ಲ ಸೇರಿ ದೊಡ್ಡ ಮೊತ್ತ ತೆರಬೇಕು, ಸತ್ತವನು ಇಂಗ್ಲಿಷನೆಂದು ಸಾಬೀತು ಮಾಡಿದರೆ ಮಾತ್ರ ಮಾಫಿ. ಜನ ತಿರುಗಿ ಬೀಳಲಿಲ್ಲವೇ ಎಂಬ ನಿಮ್ಮ ಪ್ರಶ್ನೆಗೆ ಈ ಕಾನೂನೂ ಒಂದು ಉತ್ತರ. ಹೇಸ್ಟಿಂಗ್ಸ್ ಆಗಿ ಸುಮಾರು 110 ವರ್ಷಗಳ ನಂತರ ರಾಜನ ಖಜಾನೆಯ ಅಧಿಕಾರಿಯೊಬ್ಬ ಇದೇ ದಂಡದ ಬಗ್ಗೆ ಬರೆಯುತ್ತಾ, ಎರಡೂ ಕಡೆಯವರು ಮದುವೆಯಾಗಿ ಬೆರೆತುಹೋಗಿದ್ದಾರೆ, ಸ್ವತಂತ್ರ ಜನರಲ್ಲಿ ಯಾರು ಇಂಗ್ಲಿಷರು ಯಾರು ನಾರ್ಮನ್ನರು ಎಂದು ಹೇಳುವುದೇ ಕಷ್ಟ, ಆದ್ದರಿಂದ ಜೀತದ ಒಕ್ಕಲಿನವರನ್ನು ಬಿಟ್ಟು ಉಳಿದ ಯಾರ ಹೆಣ ಸಿಕ್ಕರೂ ದಂಡ ಹಾಕುತ್ತೇವೆ ಎಂದ. ಕಾರಣ ಮರೆಯಾದ ಮೇಲೂ ವಸೂಲಿ ನಿಲ್ಲಲಿಲ್ಲ. ಆ ದಂಡ ರದ್ದಾದದ್ದು 1340ರಲ್ಲಿ.